ರಾಬರ್ಟ್ ಡೋನಾಟ್ ಎಂಬ ನಟನ ಚರಿತ್ರೆ

ನಾಟಕದಲ್ಲಿ ವೇಷ ಕಟ್ಟಿ ಜೀವನ ಮಾಡಿದವನ ಕಥೆಯಿಂದ ನಮಗೇನು ಪ್ರಯೋಜನ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆದರೆ ಈ ಮನುಷ್ಯನು ಬೇನೆಯುಳ್ಳ ಶರೀರವನ್ನು ಹೊತ್ತುಕೊಂಡು ತನ್ನ ಕೆಲಸವನ್ನು ಕಡೇ ವರೆಗೂ ಮಾಡಿದವನು. ಮಾತೇ ಅವನ ಜೀವನೋಪಾಯವಾಗಿತ್ತು; ಮಾತಿಗೆ ಬೇಕಾದ ಉಸಿರೋ ಅವನಿಗೆ ಕೊರತೆಯಾಗಿತ್ತು. ಮನೆಯಲ್ಲಿ ಉಬ್ಬಸದವರನ್ನು ನೋಡಿದವರು ಈ ಚರಿತ್ರೆಯನ್ನು ಸುಲಭವಾಗಿ ಗ್ರಹಿಸುವರು.

೧. ಬಾಲ್ಯ

ಇಂಗ್ಲೆಂಡ್ ದೇಶದ ಉತ್ತರ ಭಾಗದಲ್ಲಿ ಮ್ಯಾಂಚೆಸ್ಟರ್ ಎಂಬ ದೊಡ್ಡ ಪಟ್ಟಣವಿದೆ. ಅದು ಹತ್ತಿಯ ಗಿರಣಿಗಳಿಂದ ಪ್ರಸಿದ್ಧವಾದದ್ದು. ಅದಕ್ಕೆ ಸೇರಿದ ವಿಥಿಂಗ್ಟನ್ ಎಂಬ ಸ್ಥಳದಲ್ಲಿ ೧೯೦೫ನೇ ಇಸವಿ ಮಾರ್ಚ್ ೧೮ರಲ್ಲಿ ರಾಬರ್ಟ್ ಡೋನಾಟನು ಹುಟ್ಟಿದನು. ಅವನ ತಂದೆ ಇಂಜಿನಿಯರ್ ಕೆಲಸದವನು. ಅನ್ಯದೇಶದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವನು. ತಾಯಿಯು ಇಂಗ್ಲಿಷ್ ಸ್ತ್ರೀ. ನಾಲ್ಕು ಮಂದಿ ಗಂಡುಮಕ್ಕಳಲ್ಲಿ ಇವನೇ ಕಡೆಯವನು.

ಈ ಹುಡುಗನಿಗೆ ಚಿಕ್ಕಂದಿನಲ್ಲಿ ಮಾತು ಸರಾಗವಾಗಿ ಬರುತ್ತಿರಲಿಲ್ಲ, ತೊದಲುತ್ತಿದ್ದನು. ತೊದಲುವ ಮಗುವಿನ ಕಷ್ಟವು ಎಂಥಾದ್ದೆಂದು ನಾವು ಬಲ್ಲೆವು. ಹೇಳಬೇಕಾದದ್ದು ಮನಸ್ಸಿನಲ್ಲಿ ಸ್ಪಷ್ಟವಾಗಿಯೇ ಇರುವದು. ತುಟಿಗೆ ಬರುವಾಗ ತಡೆಯುವದು. ಜೊತೆಯ ಹುಡುಗರು ನಗುವರು. ಇದನ್ನು ತಿದ್ದುವದಕ್ಕೋಸ್ಕರ ಇವನನ್ನು ಆ ಪಟ್ಟಣದಲ್ಲಿದ್ದ ಜೇಮ್ಸ್ ಬರ್ನಾರ್ಡ್ ಎಂಬ ಉಪಾಧ್ಯಾಯನ ಬಳಿಗೆ ಕಳುಹಿಸಿದರು. ಉಸಿರನ್ನು ಹೇಗೆ ಎಳೆದು ಹೇಗೆ ಬಿಡಬೇಕು, ಒಂದೊಂದು ಅಕ್ಷರವನ್ನು ಬಾಯಿಯ ಯಾವ ಸ್ಥಾನದಿಂದ ಹೊರಡಿಸಬೇಕು ಎಂಬದನ್ನು ಕಲಿಸುವದೇ ಆ ಉಪಾಧ್ಯಾಯನ ಕಸುಬು.

ಪಾಠದ ಫೀಜು ಕೊಡುವದಕ್ಕೆ ಹಣ ಬೇಕಷ್ಟೆ. ರಾಬರ್ಟನು ೧೫ನೇ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಅದೇ ಉಪಾಧ್ಯಾಯನಲ್ಲಿ ಗುಮಾಸ್ತನಾಗಿ ನಿಂತು, ದುಡಿಮೆಯಿಂದ ಪಾಠದ ವೆಚ್ಚವನ್ನು ತೀರಿಸಿದನು. ಹೀಗೆ ತೊದಲು ಮಾತಿನ ಹುಡುಗನು ದಿನದಿನದ ಅಭ್ಯಾಸದಿಂದ ಇಂಗ್ಲಿಷ್ ಭಾಷೆಯನ್ನಾಡುವವರೊಳಗೆ ಅತಿ ಇಂಪಾದ ಕಂಠಗಳಲ್ಲಿ ಒಂದೆಂದು ಹೊಗಳಲ್ಪಟ್ಟ ಸ್ವರವನ್ನು ಸಂಪಾದಿಸಿದನು. ಅದು ಹುಟ್ಟಿನಿಂದ ಬಂದ ವರವಲ್ಲ, ಕಲಿತು ಗಳಿಸಿದ್ದು ಎಂಬದನ್ನು ಜ್ಞಾಪಕದಲ್ಲಿಡತಕ್ಕದ್ದು.

೨. ಊರೂರು ತಿರುಗಿದ ಕಾಲ

೧೯೨೧ರಲ್ಲಿ, ೧೬ ವರುಷದವನಾಗಿದ್ದಾಗ, ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಹೆನ್ರಿ ಬೇಂಟನ್ ಎಂಬವನ ನಾಟಕ ಮಂಡಲಿಯೊಂದಿಗೆ ಮೊದಲ ಸಾರಿ ರಂಗಸ್ಥಳವನ್ನು ಹತ್ತಿದನು. ಶೇಕ್ಸ್‌ಪಿಯರ್ ಕವಿಯ ಜೂಲಿಯಸ್ ಸೀಜರ್ ನಾಟಕದಲ್ಲಿ ಬ್ರೂಟಸನ ಸೇವಕನಾದ ಲೂಷಿಯಸ್ ಎಂಬ ಹುಡುಗನ ಚಿಕ್ಕ ವೇಷವು ಅವನಿಗೆ ದೊರಕಿತು.

೧೯೨೪ರಲ್ಲಿ ಸರ್ ಫ್ರಾಂಕ್ ಬೆನ್ಸನ್ ಎಂಬ ವೃದ್ಧ ನಟನ ಮಂಡಲಿಯನ್ನು ಸೇರಿ ನಾಲ್ಕು ವರುಷ ಅದರಲ್ಲಿದ್ದನು. ಆ ಮಂಡಲಿಯವರು ಒಂದೂರಿನಲ್ಲಿ ನಿಲ್ಲದೆ, ದೇಶವನ್ನೆಲ್ಲಾ ಸುತ್ತುತ್ತಾ ಶೇಕ್ಸ್‌ಪಿಯರನ ನಾಟಕಗಳನ್ನು ಆಡುತ್ತಿದ್ದರು. ಈ ದಿನ ರಾಜ, ನಾಳೆ ಕಾವಲುಗಾರ, ನಾಡದು ವಿದೂಷಕ, ಹೀಗೆ ಯಾವ ವೇಷ ಬಂದರೂ ಆಡಬೇಕಾಗಿತ್ತು. ತರುವಾಯ ೧೯೨೮ರಲ್ಲಿ ಲಿವರ್‌ಪೂಲ್ ಪಟ್ಟಣದ ನಾಟಕಶಾಲೆಯಲ್ಲಿ ಒಂದು ವರುಷ ಕೆಲಸ ಮಾಡಿದನು. ೧೯೨೯ರಲ್ಲಿ ಎಲ್ಲಾ ವಾಯ್ಸಿ ಎಂಬಾಕೆಯನ್ನು ಮದುವೆಯಾದನು. ಅವರಿಗೆ ಮೂವರು ಮಕ್ಕಳು ಹುಟ್ಟಿದರು.

೧೯೩೦ರಲ್ಲಿ ಇವರು ಲಂಡನ್ನಿಗೆ ಬಂದರು. ರಾಜಧಾನಿಯಲ್ಲಿ ಹೊಸಬನಿಗೆ ಕೆಲಸ ಸಿಕ್ಕುವದು ಕಷ್ಟ. ಮಾತನಾಡುವ ಚಲಚ್ಚಿತ್ರಗಳು ಆಗ ತಾನೇ ಹಬ್ಬುತ್ತಿದ್ದವು. ಚಿತ್ರದ ಕಂಪನಿಯವರು ಇವನನ್ನು ಕರೆದು ಪರೀಕ್ಷೆ ಮಾಡುವರು, ಆರಿಸದೆ ಕಳುಹಿಸಿಬಿಡುವರು. ಇದು ಎಷ್ಟು ಸಾರಿ ನಡೆಯಿತೆಂದರೆ, ಸಂಗಡಿಗ ನಟರು ಆ ಪರೀಕ್ಷೆಯ ಹೆಸರನ್ನೇ ಇವನಿಗೆ ಅಡ್ಡಹೆಸರಾಗಿ ಇಟ್ಟು ಪರಿಹಾಸ್ಯ ಮಾಡಿದರು. ಅವನಾದರೋ ನಾಟಕದ ಕೆಲಸವನ್ನು ಬಿಡಲಿಲ್ಲ. ೧೯೩೩ರಲ್ಲಿ ಜೇಮ್ಸ್ ಬ್ರೈಡಿ ಎಂಬವನ ನಾಟಕವೊಂದರಲ್ಲಿ, ಮಾಲ್ವರ್ನ್ ಊರಿನಲ್ಲಿಯೂ ಬಳಿಕ ಲಂಡನ್ನಿನಲ್ಲಿಯೂ ಆಡಿ, ಒಳ್ಳೇ ಹೆಸರು ಪಡೆದನು.

೩. ಕೀರ್ತಿಯೂ ಬೇನೆಯೂ

ಕಡೆಗೆ ಅಲೆಗ್ಜಾಂಡರ್ ಕೋರ್ಡಾ ಎಂಬ ಚಿತ್ರನಿರ್ಮಾಪಕನು ಇವನನ್ನು ಗುರುತಿಸಿದನು. ೧೯೩೩ರಲ್ಲಿ ಎಂಟನೇ ಹೆನ್ರಿ ಅರಸನ ವಿಷಯವಾದ ಚಿತ್ರದಲ್ಲಿ ಇವನು ಥಾಮಸ್ ಕಲ್ಪೆಪರ್ ಎಂಬ ಆಸ್ಥಾನಿಕನಾಗಿ ಕಾಣಿಸಿಕೊಂಡನು. ಆ ಚಿತ್ರವು ಲೋಕವೆಲ್ಲಾ ಸುತ್ತಿತು. ಕೂಡಲೆ ಅಮೆರಿಕದಿಂದ ಕರೆ ಬಂದು, ೧೯೩೪ರಲ್ಲಿ ಮಾಂಟಿ ಕ್ರಿಸ್ಟೋ ಕೌಂಟನ ಕಥೆಯಲ್ಲಿ, ನಿರಪರಾಧಿಯಾಗಿ ಸೆರೆಮನೆ ಸೇರಿದ ನಾವಿಕನ ಪಾತ್ರವನ್ನು ಹಾಲಿವುಡ್ ಎಂಬ ಚಿತ್ರನಗರದಲ್ಲಿ ಆಡಿದನು. ೧೯೩೫ರಲ್ಲಿ ಹಿಚ್‌ಕಾಕ್ ಎಂಬ ನಿರ್ದೇಶಕನ ಕೈಕೆಳಗೆ, ಮಾಡದ ಕೊಲೆಯ ಅಪವಾದವನ್ನು ಹೊತ್ತು ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಓಡುವ ಮನುಷ್ಯನ ವೇಷದಲ್ಲಿ ಇನ್ನೂ ಹೆಚ್ಚು ಪ್ರಸಿದ್ಧನಾದನು. ಆಗ ಅವನಿಗೆ ೩೦ ವರುಷ. ಬೇರೆಯವನಾಗಿದ್ದರೆ ಹಣವಿದ್ದ ಕಡೆಗೆ ಓಡುತ್ತಿದ್ದನೇನೋ. ಇವನಿಗಾದರೋ ಹಾಲಿವುಡ್ಡು ಮನಸ್ಸಿಗೆ ಬರಲಿಲ್ಲ; ತಿರಿಗಿ ಅಲ್ಲಿಗೆ ಹೋಗಿ ಚಿತ್ರ ಮಾಡಲೇ ಇಲ್ಲ.

ಈ ಕೀರ್ತಿಯ ಸಂಗಡಲೇ ಉಬ್ಬಸವು ಅವನನ್ನು ಹಿಡಿದಿತ್ತು. ಉಬ್ಬಸದಲ್ಲಿ ಆಗುವದೇನಂದರೆ: ಗಾಳಿಯನ್ನು ಶ್ವಾಸಕೋಶಗಳಿಗೆ ಒಯ್ಯುವ ಸಣ್ಣ ನಾಳಗಳು ಒಳಗೆ ಊದಿಕೊಳ್ಳುತ್ತವೆ, ಅವುಗಳ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಕಫವು ಕಟ್ಟುತ್ತದೆ. ಒಳಗೆ ಹೋದ ಗಾಳಿ ಹೊರಗೆ ಬರುವದಕ್ಕೆ ದಾರಿ ಸಾಲದೆ, ರೋಗಿಯು ಕುಳಿತಲ್ಲಿಯೇ ಹೆಗಲೆತ್ತಿ ಏದುಸಿರು ಬಿಡುತ್ತಾನೆ. ಧೂಳು, ಹೊಗೆ, ಶೀತ, ನೆಗಡಿ, ಮನಸ್ಸಿನ ಕಳವಳ, ಇವೆಲ್ಲಾ ಅದನ್ನು ಕೆರಳಿಸುತ್ತವೆ. ಲಂಡನ್ ಪಟ್ಟಣವು ಆ ಕಾಲದಲ್ಲಿ ಕಲ್ಲಿದ್ದಲ ಹೊಗೆಯಿಂದ ತುಂಬಿತ್ತು. ನಟನ ಜೀವನವಾದರೋ ಹೊಸ ವೇಷ, ಹೊಸ ಪರೀಕ್ಷೆ ಎಂಬ ಕಳವಳದಿಂದ ಎಂದೂ ತಪ್ಪಿದ್ದಲ್ಲ. ಈಗ ಉಬ್ಬಸದವರು ಸೇದಿಕೊಳ್ಳುವ ಔಷಧಗಳಿಂದ ಸಾಮಾನ್ಯವಾಗಿ ಬೇನೆಯನ್ನು ಅಂಕೆಯಲ್ಲಿಟ್ಟುಕೊಂಡು ಎಲ್ಲರ ಹಾಗೆ ದುಡಿಯಬಹುದು. ಊತವನ್ನು ಇಳಿಸುವ ಅಂಥ ಔಷಧಗಳು ೧೯೭೦ರ ಈಚೆಗೆ ಮಾತ್ರ ಬಳಕೆಗೆ ಬಂದವು. ಡೋನಾಟನ ಆಯುಷ್ಯವು ಅದಕ್ಕೆ ಮೊದಲೇ ಮುಗಿದಿತ್ತು.

೧೯೩೬ರಲ್ಲಿ ರಷ್ಯ ದೇಶದ ಕ್ರಾಂತಿಯ ವಿಷಯವಾದ ಒಂದು ಚಿತ್ರವನ್ನು ತೆಗೆಯುತ್ತಿದ್ದಾಗ ಬೇನೆಯು ಘೋರವಾಗಿ ಕೆರಳಿ ಅವನು ಹಾಸಿಗೆ ಹಿಡಿದನು. ಕೆಲಸವು ನಿಂತುಹೋಯಿತು. ನಿಂತ ಒಂದೊಂದು ದಿನಕ್ಕೂ ನಷ್ಟವಾಗುತ್ತಿದ್ದದರಿಂದ ಅವನ ಸ್ಥಾನಕ್ಕೆ ಬೇರೊಬ್ಬನನ್ನು ತರಬೇಕೆಂದು ಕೋರ್ಡಾ ಯೋಚಿಸಿದನು. ಆಗ ಅವನ ಜೊತೆಯಲ್ಲಿ ನಟಿಸುತ್ತಿದ್ದ ಮಾರ್ಲೀನ್ ಡೀಟ್ರಿಕ್ ಎಂಬ ಪ್ರಖ್ಯಾತ ನಟಿಯು ಅಡ್ಡಬಂದು, ಅವನು ಗುಣವಾಗುವ ತನಕ ಕಾಯಬೇಕೆಂದು ಒಡಂಬಡಿಸಿದಳು. ಕಾದದ್ದು ವ್ಯರ್ಥವಾಗಲಿಲ್ಲ, ಅವನು ಎದ್ದು ಬಂದು ಕೆಲಸವನ್ನು ಮುಗಿಸಿದನು. ಜೊತೆಗಾರನು ಬಿದ್ದಾಗ ದಾಟಿಹೋಗುವದು ಸುಲಭ; ನಿಂತು ಕಾಯುವವರು ಕೆಲವರೇ.

ಹೀಗಿದ್ದರೂ ಎಲ್ಲಾ ಸಾರಿಯೂ ಕಾಯುವವರು ಸಿಕ್ಕಲಿಲ್ಲ. ಮುಂದೆ ಅನೇಕ ಪಾತ್ರಗಳನ್ನು ಅವನು ಒಪ್ಪಿಕೊಂಡು ಬಿಡಬೇಕಾಯಿತು. ಅವು ಬೇರೆಯವರ ಪಾಲಾಗಿ ಅವರಿಗೆ ಹೆಸರು ತಂದವು. ಅವನು ನಟಿಸಿದ ಚಿತ್ರಗಳ ಸಂಖ್ಯೆಯು ಇಪ್ಪತ್ತನ್ನು ಮುಟ್ಟಲಿಲ್ಲ.

೪. ವೈದ್ಯನ ಪಾತ್ರವೂ ಉಪಾಧ್ಯಾಯನ ಪಾತ್ರವೂ

೧೯೩೮ರಲ್ಲಿ ಬಂದ ದಿ ಸಿಟಡೆಲ್ ಎಂಬ ಚಿತ್ರವು ಕ್ರೋನಿನ್ ಎಂಬ ವೈದ್ಯನು ಬರೆದ ಕಥೆಯ ಮೇಲೆ ಕಟ್ಟಿದ್ದು. ವೇಲ್ಸ್ ದೇಶದ ಕಲ್ಲಿದ್ದಲ ಗಣಿಯ ಊರಿಗೆ ಬಂದ ಯೌವನಸ್ಥನಾದ ಬಡ ವೈದ್ಯನ ವೇಷವು ಡೋನಾಟನದು. ಸತ್ತು ಹುಟ್ಟಿತೆಂದು ಎಲ್ಲರೂ ಕೈಬಿಟ್ಟ ಶಿಶುವಿಗೆ ಆ ವೈದ್ಯನು ಬಹಳ ಹೊತ್ತು ಶ್ರಮಪಟ್ಟು ಉಸಿರು ಬರಮಾಡುತ್ತಾನೆ. ಗಣಿಕಾರರ ಕೆಮ್ಮು ಎಲ್ಲಿಂದ ಬರುತ್ತದೆಂದು ವಿಚಾರಿಸಿ, ಅವರು ಸೇದುವ ಧೂಳಿನ ಮೇಲೆ ಕಣ್ಣಿಡುತ್ತಾನೆ. ಬಳಿಕ ಲಂಡನ್ನಿನ ಐಶ್ವರ್ಯವಂತರಿಗೆ ಸುಳ್ಳು ಚಿಕಿತ್ಸೆ ಮಾಡಿ ಹಣ ಗಳಿಸುವ ಆಶೆಗೆ ಬಿದ್ದು, ಸ್ನೇಹಿತನ ಮರಣದಿಂದ ಎಚ್ಚತ್ತುಕೊಳ್ಳುತ್ತಾನೆ. ತಾನೇ ಉಸಿರಿಗಾಗಿ ಕಷ್ಟಪಡುವ ಒಬ್ಬನು ಇತರರ ಉಸಿರಿಗಾಗಿ ಹೋರಾಡುವ ವೈದ್ಯನಾಗಿ ನಿಂತದ್ದು ಜನರ ಹೃದಯವನ್ನು ಮುಟ್ಟಿತು.

೧೯೩೯ರಲ್ಲಿ ಗುಡ್‌ಬೈ ಮಿಸ್ಟರ್ ಚಿಪ್ಸ್ ಎಂಬ ಚಿತ್ರ ಬಂತು. ಇದು ಜೇಮ್ಸ್ ಹಿಲ್ಟನ್ ಬರೆದ ಕಥೆ. ಹಿಲ್ಟನನು ಕೇಂಬ್ರಿಜಿನಲ್ಲಿ ಮೆಥೊಡಿಸ್ಟರು ಸ್ಥಾಪಿಸಿದ ಲೀಸ್ ಎಂಬ ಶಾಲೆಯಲ್ಲಿ ಓದಿದವನು. ಅಲ್ಲಿನ ಒಬ್ಬ ಹಳೇ ಉಪಾಧ್ಯಾಯನ ನೆನಪು ಈ ಕಥೆಯಲ್ಲಿ ಸೇರಿದೆ. ಚಿಪ್ಪಿಂಗ್ ಎಂಬ ನಾಚಿಕೆಯ ಉಪಾಧ್ಯಾಯನು ೧೮೭೦ರಲ್ಲಿ ಶಾಲೆಗೆ ಬರುತ್ತಾನೆ. ಮೊದಲ ದಿನ ಹುಡುಗರು ಅವನನ್ನು ಗೋಳುಹೊಯ್ದುಕೊಳ್ಳುತ್ತಾರೆ. ಅವನು ಬಿಗಿಯಾಗುತ್ತಾನೆ, ಹುಡುಗರು ಹೆದರುತ್ತಾರೆ, ಪ್ರೀತಿಸುವದಿಲ್ಲ. ವರುಷಗಳಾದ ಮೇಲೆ ಮದುವೆಯಾದ ಹೆಂಡತಿಯು ಅವನ ಹೃದಯವನ್ನು ಬಿಚ್ಚಿ ಹುಡುಗರಿಗೆ ಪ್ರಿಯನಾಗುವಂತೆ ಮಾಡುತ್ತಾಳೆ; ಆಕೆಯು ಪ್ರಸವದಲ್ಲಿ ತೀರಿಹೋಗುತ್ತಾಳೆ. ೧೯೧೪ರ ಮಹಾಯುದ್ಧದ ಕಾಲದಲ್ಲಿ ಮುದುಕನು ಮುಖ್ಯೋಪಾಧ್ಯಾಯನಾಗಿ, ತನ್ನ ಕೈಕೆಳಗೆ ಓದಿ ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಓದುತ್ತಾನೆ. ಶತ್ರುಪಕ್ಷದಲ್ಲಿ ಸತ್ತ ಜರ್ಮನ್ ಸ್ನೇಹಿತನ ಹೆಸರನ್ನೂ ಅವರೊಂದಿಗೆ ಸೇರಿಸಿ ಓದುತ್ತಾನೆ.

ಈ ಒಬ್ಬನನ್ನೇ ಯೌವನದಿಂದ ೮೩ನೇ ವಯಸ್ಸಿನ ವರೆಗೆ ಡೋನಾಟನು ತಾನೇ ನಟಿಸಿದನು. ಆಗ ಅವನ ಸ್ವಂತ ವಯಸ್ಸು ೩೪ರ ಒಳಗೆ. ಬಣ್ಣವೂ ಬಿಳೀ ಮೀಸೆಯೂ ಮುಖವನ್ನು ಮುದಿಯಾಗಿಸಬಲ್ಲವು. ಬಗ್ಗಿದ ನಡಿಗೆಯನ್ನೂ ಗದ್ಗದ ಸ್ವರವನ್ನೂ ಅವು ಕೊಡಲಾರವು. ಚಿತ್ರವು ತೆರೆಗೆ ಬಂದ ಕೆಲವೇ ತಿಂಗಳಲ್ಲಿ ಎರಡನೇ ಮಹಾಯುದ್ಧವು ಹೊತ್ತಿಕೊಂಡಿತು. ಮಕ್ಕಳನ್ನು ಯುದ್ಧಕ್ಕೆ ಕಳುಹಿಸುವ ತಂದೆತಾಯಿಗಳಿಗೆ ಆ ಹೆಸರುಗಳನ್ನು ಓದುವ ದೃಶ್ಯವು ಹೇಗೆ ತೋರಿರಬೇಕೆಂಬದನ್ನು ನೀವೇ ಊಹಿಸಿಕೊಳ್ಳಿರಿ. ೧೯೪೦ರ ಫೆಬ್ರುವರಿಯಲ್ಲಿ ಅಮೆರಿಕದ ಚಿತ್ರ ಅಕಾಡೆಮಿಯವರು ಆ ವರುಷದ ಶ್ರೇಷ್ಠ ನಟನೆಂದು ಡೋನಾಟನಿಗೆ ಆಸ್ಕರ್ ಬಹುಮಾನವನ್ನಿತ್ತರು. ಅತಿ ಹೆಚ್ಚಾಗಿ ಮಾತನಾಡಲ್ಪಟ್ಟ ಗಾನ್ ವಿತ್ ದಿ ವಿಂಡ್ ಚಿತ್ರದ ಕ್ಲಾರ್ಕ್ ಗೇಬಲ್ ಮೊದಲಾದವರು ಆ ಸಾರಿಯ ಸ್ಪರ್ಧೆಯಲ್ಲಿದ್ದರು.

೫. ಯುದ್ಧದ ವರುಷಗಳೂ ಮನೆಯ ದುಃಖವೂ

ಯುದ್ಧ ಕಾಲದಲ್ಲಿಯೂ ಡೋನಾಟನು ಇಂಗ್ಲೆಂಡಿನಲ್ಲಿಯೇ ಕೆಲಸ ಮಾಡಿದನು. ೧೯೪೨ರಲ್ಲಿ ಕಿರಿಯ ಪಿಟ್ ಎಂಬ ಪ್ರಧಾನಮಂತ್ರಿಯ ಚಿತ್ರದಲ್ಲಿ, ೨೪ನೇ ವಯಸ್ಸಿನಲ್ಲಿ ರಾಜ್ಯಭಾರವನ್ನು ಹೊತ್ತು, ನೆಪೋಲಿಯನನ ಸಂಗಡ ನಡೆದ ಯುದ್ಧದ ಭಾರದಿಂದ ಸವೆದುಹೋದವನ ಪಾತ್ರವನ್ನು ವಹಿಸಿದನು. ೧೯೪೩ರಲ್ಲಿ ಬರ್ನಾರ್ಡ್ ಷಾ ಬರೆದ ನಾಟಕವೊಂದರಲ್ಲಿ ಲಂಡನ್ನಿನ ರಂಗಸ್ಥಳದ ಮೇಲೆ ವೃದ್ಧ ಹಡಗಿನ ಕಪ್ತಾನನಾದನು. ೧೯೪೮ರಲ್ಲಿ ದಿ ವಿನ್‌ಸ್ಲೋ ಬಾಯ್ ಎಂಬ ಚಿತ್ರದಲ್ಲಿ, ಐದು ಷಿಲಿಂಗಿನ ಪೋಸ್ಟಲ್ ಆರ್ಡರ್ ಕದ್ದನೆಂದು ನೌಕಾಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗನಿಗಾಗಿ ಸರಕಾರದ ಸಂಗಡ ವಾದಿಸುವ ವಕೀಲನಾದನು. ನಿಜವಾಗಿ ನಡೆದ ಒಂದು ವ್ಯಾಜ್ಯವೇ ಆ ಕಥೆಗೆ ಆಧಾರ.

ಚರಿತ್ರೆ ಬರೆಯುವವನು ಒಳ್ಳೇದನ್ನು ಮಾತ್ರ ಹೇಳಿ ಮಿಕ್ಕದ್ದನ್ನು ಮುಚ್ಚುವದು ಸರಿಯಲ್ಲ. ಡೋನಾಟನ ಸಂಸಾರವು ಉಳಿಯಲಿಲ್ಲ. ೧೯೪೬ರಲ್ಲಿ ಅವನ ಮದುವೆಯು ಮುರಿದುಹೋಯಿತು. ೧೯೫೩ರಲ್ಲಿ ತನ್ನೊಂದಿಗೆ ನಟಿಸಿದ್ದ ರೆನೀ ಆಷರ್‌ಸನ್ ಎಂಬಾಕೆಯನ್ನು ಮದುವೆಯಾದನು. ಅವರೂ ಕಾಲಾಂತರದಲ್ಲಿ ಅಗಲಿ ಬೇರೆಬೇರೆಯಾಗಿ ವಾಸಿಸಿದರು. ಕೀರ್ತಿಯು ಮನೆಯನ್ನು ಕಟ್ಟಲಾರದೆಂಬದಕ್ಕೆ ಇವನೂ ಒಬ್ಬ ಸಾಕ್ಷಿ.

ಬೇನೆಯು ವರುಷ ವರುಷಕ್ಕೆ ಬಲವಾಯಿತು. ೧೯೫೩ರಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕಶಾಲೆಯಲ್ಲಿ, ಎಲಿಯಟ್ ಕವಿಯು ಬರೆದ ಮರ್ಡರ್ ಇನ್ ದ ಕಥೀಡ್ರಲ್ ಎಂಬ ನಾಟಕದಲ್ಲಿ ಥಾಮಸ್ ಬೆಕೆಟನ ವೇಷವನ್ನು ಹಾಕಿದನು. ಈ ಬೆಕೆಟನು ೧೧೭೦ರಲ್ಲಿ ಕ್ಯಾಂಟರ್ಬರಿಯ ದೇವಾಲಯದೊಳಗೆ ಅರಸನ ಭಟರ ಕತ್ತಿಗೆ ಗುರಿಯಾದ ಮಹಾಧ್ಯಕ್ಷನು. ಬಹು ದಿನಗಳ ಮೇಲೆ ರಂಗಕ್ಕೆ ಬಂದವನನ್ನು ಜನರು ಸಂತೋಷದಿಂದ ಎದುರುಗೊಂಡರು. ಆದರೆ ಆಟಗಳು ಮುಗಿಯುವ ಮೊದಲೇ ಉಸಿರು ಸಾಲದೆ ಅವನು ಬಿಟ್ಟುಹೋಗಬೇಕಾಯಿತು. ಅದೇ ಕಾಲದಲ್ಲಿ ಹಾಬ್ಸನ್ಸ್ ಚಾಯ್ಸ್ ಎಂಬ ಚಿತ್ರದಲ್ಲಿ ಅವನಿಗೆ ಗೊತ್ತಾಗಿದ್ದ ಪಾತ್ರವೂ ಇದೇ ಕಾರಣದಿಂದ ಜಾನ್ ಮಿಲ್ಸ್ ಎಂಬವನಿಗೆ ಹೋಯಿತು.

೬. ಹಳ್ಳಿಯ ಸಭಾಪಾಲಕನ ವೇಷ

೧೯೫೪ರಲ್ಲಿ ಲೀಸ್ ಆಫ್ ಲೈಫ್ ಎಂಬ ಚಿತ್ರವನ್ನು ಮಾಡಿದನು. ಯಾರ್ಕ್‌ಷೈರ್ ಸೀಮೆಯ ಹಳ್ಳಿಯೊಂದರ ಬಡ ಸಭಾಪಾಲಕನ ಕಥೆ ಅದು. ಅವನ ಸಂಬಳವು ಅಲ್ಪ. ಮಗಳಿಗೆ ಸಂಗೀತದಲ್ಲಿ ವರವಿದೆ, ಲಂಡನ್ನಿಗೆ ಕಳುಹಿಸಿ ಕಲಿಸುವದಕ್ಕೆ ಹಣವಿಲ್ಲ. ಆ ಚಿಂತೆಯು ಹೆಂಡತಿಯನ್ನು ಶೋಧನೆಗೆ ಗುರಿಮಾಡುತ್ತದೆ. ಇಂಥಾ ಸಮಯದಲ್ಲಿ, ಇನ್ನು ಒಂದು ವರುಷಕ್ಕಿಂತ ಹೆಚ್ಚು ಬದುಕಲಾರೆಯೆಂದು ವೈದ್ಯನು ಅವನಿಗೆ ತಿಳಿಸುತ್ತಾನೆ. ಆ ಮಾತನ್ನು ಕೇಳಿದ ಮೇಲೆ ಸಭಾಪಾಲಕನು ಹೆದರುವದನ್ನು ಬಿಟ್ಟುಬಿಡುತ್ತಾನೆ. ಶಾಲೆಯ ಹುಡುಗರ ಮುಂದೆ ಮಾಡಬೇಕಾದ ಪ್ರಸಂಗದಲ್ಲಿ, ದೊಡ್ಡವರ ಮುಖವನ್ನು ನೋಡದೆ ತನ್ನ ಮನಸ್ಸಿನಲ್ಲಿದ್ದದ್ದನ್ನು ಧೈರ್ಯದಿಂದ ಹೇಳುತ್ತಾನೆ.

ಈ ಪಾತ್ರವನ್ನು ಆಡಿದವನಿಗೂ ಆಯುಷ್ಯವು ಬಹಳ ಉಳಿದಿರಲಿಲ್ಲ. ಉಸಿರನ್ನು ಕೂಡಿಸಿಟ್ಟು ಮೆಲ್ಲಗೆ ಮಾತನಾಡುವ ಆ ಸಭಾಪಾಲಕನಲ್ಲಿ ಎಷ್ಟು ನಟನೆ, ಎಷ್ಟು ನಿಜ ಎಂದು ಬೇರ್ಪಡಿಸುವದು ಕಷ್ಟ. ಬ್ರಿಟಿಷ್ ಚಿತ್ರ ಅಕಾಡೆಮಿಯ ಬಹುಮಾನಕ್ಕಾಗಿ ಅವನ ಹೆಸರು ಎತ್ತಲ್ಪಟ್ಟಿತು. ಇದಾದ ಮೇಲೆ ನಾಲ್ಕು ವರುಷ ಅವನು ಚಿತ್ರದಲ್ಲಿ ಕಾಣಿಸಿಕೊಳ್ಳಲಿಲ್ಲ.

೭. ಕಡೇ ಕೆಲಸ

ಆ ನಾಲ್ಕು ವರುಷಗಳ ತರುವಾಯ ಸಿಕ್ಕಿದ ಕಡೇ ಪಾತ್ರವು ಸುವಾರ್ತಾಸೇವೆಯ ಕಥೆಗೆ ಸಂಬಂಧಪಟ್ಟದ್ದು. ಗ್ಲಾಡಿಸ್ ಐಲ್ವರ್ಡ್ ಎಂಬಾಕೆಯು ಲಂಡನ್ನಿನಲ್ಲಿ ಮನೆಕೆಲಸದವಳಾಗಿದ್ದಳು. ಚೀನ ದೇಶಕ್ಕೆ ಹೋಗಬೇಕೆಂಬ ಕರೆಯು ಆಕೆಯ ಹೃದಯದಲ್ಲಿತ್ತು. ಮಿಶನ್ ಸಂಘದವರು ಪರೀಕ್ಷಿಸಿ ಆಕೆಯನ್ನು ತೆಗೆದುಕೊಳ್ಳಲಿಲ್ಲ. ಆಕೆಯು ಕೂಲಿಯ ಹಣವನ್ನು ಕೂಡಿಸಿ, ೧೯೩೨ರಲ್ಲಿ ರೈಲಿನಲ್ಲಿ ಸೈಬೀರಿಯವನ್ನು ದಾಟಿ, ಯಾಂಗ್‌ಚೆಂಗ್ ಎಂಬ ಬೆಟ್ಟದ ಊರನ್ನು ಸೇರಿದಳು. ಜೀನಿ ಲಾಸನ್ ಎಂಬ ವೃದ್ಧ ಮಿಶನರಿಯೊಂದಿಗೆ ಹೇಸರಗತ್ತೆಯ ಸವಾರರಿಗಾಗಿ ಒಂದು ಛತ್ರವನ್ನಿಟ್ಟು, ರಾತ್ರಿಯಲ್ಲಿ ಅವರಿಗೆ ಸತ್ಯವೇದದ ಕಥೆಗಳನ್ನು ಹೇಳುತ್ತಿದ್ದಳು. ಹೆಣ್ಣುಮಕ್ಕಳ ಪಾದಗಳನ್ನು ಕಟ್ಟಿ ಚಿಕ್ಕದು ಮಾಡುವ ಪದ್ಧತಿಯನ್ನು ನಿಲ್ಲಿಸುವದಕ್ಕೆ ಆ ಊರಿನ ಅಧಿಕಾರಿಯು ಆಕೆಯನ್ನೇ ನೇಮಿಸಿದನು. ಕಾಲಕ್ರಮದಲ್ಲಿ ಅವನೂ ಕ್ರಿಸ್ತನನ್ನು ಒಪ್ಪಿಕೊಂಡನು. ೧೯೪೦ರಲ್ಲಿ ಜಪಾನೀಯರ ಯುದ್ಧದ ನಡುವೆ ಸುಮಾರು ನೂರು ಮಂದಿ ಮಕ್ಕಳನ್ನು ಬೆಟ್ಟಗಳ ಮೇಲಿಂದ ನಡಿಸಿಕೊಂಡು ಆಕೆಯು ಸುರಕ್ಷಿತ ಸ್ಥಳಕ್ಕೆ ಮುಟ್ಟಿಸಿದಳು.

೧೯೫೮ರಲ್ಲಿ ಈ ಕಥೆಯನ್ನು ಚಿತ್ರ ಮಾಡಿದರು. ಇಂಗ್ರಿಡ್ ಬರ್ಗ್‌ಮನ್ ಮಿಶನರಿಯಾದಳು. ಊರಿನ ಅಧಿಕಾರಿಯ ವೇಷವು ಡೋನಾಟನಿಗೆ ಬಂತು. ಚೀನದಲ್ಲಿ ಚಿತ್ರ ತೆಗೆಯಲಾಗದೆ ವೇಲ್ಸ್ ದೇಶದ ಬೆಟ್ಟಗಳನ್ನೇ ಚೀನದ ಬೆಟ್ಟಗಳಾಗಿ ತೋರಿಸಿದರು. ಚೀನೀಯನ ಪಾತ್ರಕ್ಕೆ ಆಂಗ್ಲೇಯನಿಗೆ ಬಣ್ಣ ಬಳಿಯುವದು ಆ ಕಾಲದ ವಾಡಿಕೆ. ಈಗ ಅದನ್ನು ಯುಕ್ತವೆಂದು ಎಣಿಸುವದಿಲ್ಲ. ಚಿತ್ರದವರು ಕಥೆಗೆ ಪ್ರೇಮಪ್ರಸಂಗ ಮೊದಲಾದವುಗಳನ್ನು ಸೇರಿಸಿದ್ದರಿಂದ ಐಲ್ವರ್ಡಮ್ಮನವರಿಗೂ ಬಹಳ ವ್ಯಥೆಯಾಯಿತು. ಇವೆಲ್ಲಾ ನಿಜವೇ.

ಆದರೂ ಆ ಮುದಿ ಅಧಿಕಾರಿಯ ದೃಶ್ಯಗಳನ್ನು ನೋಡಿದವರು ಅವನ್ನು ಮರೆಯಲಾರರು. ಡೋನಾಟನು ಆಗ ಮರಣಕರವಾದ ಅಸ್ವಸ್ಥತೆಯಲ್ಲಿದ್ದನು. ಮಾತು ಒಂದೊಂದಾಗಿ, ತಡವಾಗಿ, ಭಾರವಾಗಿ ಬರುತ್ತಿತ್ತು. ಯುದ್ಧವು ಸಮೀಪಿಸಿ ಊರು ಬರಿದಾಗುವ ಸಮಯದಲ್ಲಿ ಅಧಿಕಾರಿಯು ತನ್ನವರ ಮುಂದೆ ಆ ಸ್ತ್ರೀಯನ್ನು ಗೌರವಿಸಿ, ಆಕೆಯ ನಂಬಿಕೆಯನ್ನು ತಾನೂ ಹಿಡಿಯುತ್ತೇನೆಂದು ಅರಿಕೆಮಾಡುತ್ತಾನೆ. ಬಳಿಕ, ಇನ್ನು ನಾವು ಒಬ್ಬರನ್ನೊಬ್ಬರು ಕಾಣಲಾರೆವೆಂಬ ಭಾವದಿಂದ ಆಕೆಗೆ ವಂದನೆ ಹೇಳಿ ಅಗಲುತ್ತಾನೆ. ಚಿತ್ರದಲ್ಲಿ ಅವನು ಆಡಿದ ಕಡೇ ಮಾತು ಅದೇ. ೧೯೫೮ನೇ ಇಸವಿ ಜೂನ್ ೯ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅವನು ತೀರಿಕೊಂಡನು. ವಯಸ್ಸು ೫೩. ಅಷ್ಟು ವರುಷ ಕಾಡಿದ ಉಬ್ಬಸದ ಜೊತೆಗೆ ಮೆದುಳಿನಲ್ಲಿಯೂ ಗಡ್ಡೆ ಬೆಳೆದಿತ್ತೆಂದು ಸತ್ತ ಮೇಲೆ ಕಂಡುಬಂತು. ಚಿತ್ರವು ತೆರೆಗೆ ಬಂದದ್ದು ಆ ವರುಷದ ಕೊನೆಯಲ್ಲಿ. ಅಮೆರಿಕದ ಚಿತ್ರವಿಮರ್ಶಕ ಮಂಡಲಿಯವರು ಅವನ ಕಡೇ ನಟನೆಯ ಧೈರ್ಯವನ್ನು ನೆನಸಿ ವಿಶೇಷ ಮರ್ಯಾದೆಯನ್ನು ಸಲ್ಲಿಸಿದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಕಡೆಯಲ್ಲಿ ಅವನು ವಾಸಿಸಿದ ಮನೆಯ ಗೋಡೆಗೆ ಅವನ ಹೆಸರಿನ ನೀಲಿ ಫಲಕವನ್ನು ಹಾಕಿದ್ದಾರೆ.

ವಾಚಕರೇ, ಡೋನಾಟನು ದೋಷವಿಲ್ಲದವನಲ್ಲ. ಅವನ ದೋಷಗಳನ್ನು ನಾವು ಮುಚ್ಚಲಿಲ್ಲ. ಆದರೆ ಮಾತು ಬಾರದವನು ಮಾತನ್ನು ಕಲಿತನು. ಉಸಿರು ಸಾಲದವನು ಸಾಲುವಷ್ಟನ್ನು ಕೆಲಸಕ್ಕೆ ಹಾಕಿದನು. ಮಾಡಲಾರದ್ದನ್ನು ಇತರರಿಗೆ ಬಿಟ್ಟು, ಮಾಡಬಹುದಾದದ್ದನ್ನು ಕೈಬಿಡದೆ ಮುಗಿಸಿದನು. ನಿಮ್ಮ ಮನೆಯಲ್ಲಿ ತೊದಲುವ ಮಗುವಿದ್ದರೆ ನಗಬೇಡಿರಿ, ತಾಳ್ಮೆಯಿಂದ ಕೇಳಿರಿ. ಉಬ್ಬಸದವರಿದ್ದರೆ ಅವರನ್ನು ಕೆಲಸಕ್ಕೆ ಬಾರದವರೆಂದು ಮೂಲೆಗೆ ನೂಕದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಔಷಧವನ್ನು ಕೊಡಿಸಿರಿ. ಡೋನಾಟನಿಗೆ ಇಲ್ಲದಿದ್ದ ಔಷಧವು ಈಗ ನಮಗುಂಟು. ಅವನಿಗಾಗಿ ಒಂದು ಸಾರಿ ಒಬ್ಬ ಜೊತೆಗಾರ್ತಿಯು ಕಾದಂತೆ, ನಾವೂ ನಮ್ಮ ಬಲಹೀನರಿಗಾಗಿ ಸ್ವಲ್ಪ ನಿಂತು ಕಾಯೋಣ.